ತಾನಾ ಬೇರುವಿನಲ್ಲಿ ಹಜ್ ತಾಲೀಮು

ಅಪ್ಪನಿಗೆ ನೇರ ಗೆರೆ ಒಗ್ಗದು.
ಮೂವತ್ತು ವರ್ಷ ಹಡಗು ಕಟ್ಟಿದ ಕೈ;
ಉಲಿನ್ ಮರದ ಹಲಗೆಯನ್ನು ಬೆಂಕಿಗೆ ಹಿಡಿದು
ಮೀನಿನ ಬೆನ್ನಿನಂತೆ ಬಾಗಿಸಬಲ್ಲ,
ಕಾಗದದ ಮೇಲೆ ಒಂದು ಅಳತೆಯನ್ನೂ ಬರೆದವನಲ್ಲ.

ನೂರ್‌ಹಾಯಿದಾ ಟೀಚರು ಬಂದು
"ಸಂಕಾಲ ಅಣ್ಣ, ಶಾಲೆ ಮಕ್ಕಳಿಗೆ ಹಜ್ ತಾಲೀಮು,
ಒಂದು ಕಾಬಾ ಮಾಡಿಕೊಡಿ" ಎಂದಾಗ
ಉಳಿ ಕೆಳಗಿಟ್ಟು ಕೇಳಿದ:
"ಮೂತಿ ಯಾವ ಕಡೆಗೆ?"
"ಅದಕ್ಕೆ ಮೂತಿಯಿಲ್ಲ. ನಮ್ಮೆಲ್ಲರ ಮೂತಿ ಅದರ ಕಡೆಗೆ."
"ಒಳಗೆ ಏನು ತುಂಬುತ್ತಾರೆ?"
"ಏನೂ ಇಲ್ಲ. ಮೂರು ಕಂಬ, ತೂಗುವ ದೀಪಗಳು."
"ಬಾಗಿಲು ಯಾಕೆ ಅಷ್ಟು ಎತ್ತರದಲ್ಲಿ?"
"ಹಿಂದೆ ನೆರೆ ನುಗ್ಗುತ್ತಿತ್ತಂತೆ."
ನೀರಿನ ಮಾತು ಬಂದದ್ದೇ ತಡ
ಅಪ್ಪನಿಗೆ ಎಲ್ಲ ತಿಳಿದುಹೋಯಿತು.

ಎಂಟು ಪ್ಲೈವುಡ್ ಹಾಳೆ,
ಹಡಗಿನ ಹೊಟ್ಟೆಗೆ ಬಳಿದು ಉಳಿದ ಕಪ್ಪು,
ಮದುವೆ ಉಡುಗೊರೆ ಸುತ್ತಿ ಬಂದ ಚಿನ್ನದ ಕಾಗದ.
ನಾಲ್ಕನೆಯ ಮೂಲೆ ಎಷ್ಟು ತಿದ್ದಿದರೂ
ಒಂದು ಬೆರಳು ಬಾಗಿಯೇ ಉಳಿಯಿತು.

ಶನಿವಾರ ಮಕ್ಕಳು ಬಂದರು,
ಸೊಂಟಕ್ಕೊಂದು ಹೆಗಲಿಗೊಂದು ಬಿಳಿ ಟವೆಲು.
ಎಡಗೈ ಯಾವುದೆಂದು ತಿಳಿಯದವರಿಗೆ ರಬ್ಬರ್ ಬ್ಯಾಂಡು,
ಅದಿರುವ ಹೆಗಲು ಕಾಬಾದ ಕಡೆ.
ಲಬ್ಬೈಕ್, ಲಬ್ಬೈಕ್ ಎಂದು
ಏಳು ಸುತ್ತು ಅಂದದ್ದು ಹನ್ನೊಂದಾಯಿತು;
ಒಬ್ಬನ ಟವೆಲು ಕಳಚಿ, ಅಳುತ್ತಾ ಅದನ್ನೇ ಎಳೆದುಕೊಂಡು
ಅವನೂ ಸುತ್ತಿದ.

ಸಫಾ, ಮರ್ವಾ ಗುಡ್ಡಗಳಿಗೆ
ಅರ್ಧ ಕಟ್ಟಿದ ಎರಡು ಹಡಗು.
ಕೂಸಿಗೆ ಬಾಯಾರಿ, ಹಾಜರಾ ತಾಯಿ
ನೀರು ಹುಡುಕಿ ಏಳು ಸಲ ಓಡಿದ ಕತೆಯನ್ನು
ಟೀಚರು ಹೇಳುತ್ತಿದ್ದರು. ಪುಟ್ಟ ಬೆಸ್ಸೆ ಕೈಯೆತ್ತಿದಳು:
"ಮೊದಲನೇ ಸಲವೇ ನೀರಿಲ್ಲ ಅಂತ ಗೊತ್ತಾಯ್ತಲ್ಲ?
ಮತ್ತೆ ಯಾಕೆ ಓಡಿದ್ದು?"
ಟೀಚರು ಪುಸ್ತಕದ ಪುಟ ತಿರುವಿದರು.
ಒಣಮೀನಿನ ಬುಟ್ಟಿಯ ಹಿಂದಿನಿಂದ ನನ್ನಜ್ಜಿ ಅಂದಳು:
"ಗೊತ್ತಾದರೂ ಓಡುತ್ತಾರೆ, ಮಗಾ."

ಅಜ್ಜಿಗೆ ಎಪ್ಪತ್ತೊಂದು.
ಹಜ್ಜಿನ ಸರದಿ ಚೀಟಿ ಬಿಸ್ಕತ್ತಿನ ಡಬ್ಬಿಯಲ್ಲಿದೆ,
ಅದರಲ್ಲಿ ಬರೆದ ವರ್ಷಕ್ಕೆ ಅವಳಿಗೆ ತೊಂಬತ್ತಾರು.
"ಆಗ ಜನ ಕಡಿಮೆ ಇರುತ್ತಾರೆ," ಅನ್ನುತ್ತಾಳೆ,
"ನನ್ನ ವಯಸ್ಸಿನವರು."

ನಮ್ಮಲ್ಲಿ ಹಡಗಿನ ಅಡಿಮರ ಕೊಯ್ದಾಗ
ಮುಂದಿನ ತುದಿಯ ತುಂಡು ಕಡಲಿಗೆ,
ಹಿಂದಿನ ತುದಿಯ ತುಂಡು ಮನೆಗೆ.
ಹೋಗುವವನಿಗೊಂದು, ಕಾಯುವವಳಿಗೊಂದು.
ಅಜ್ಜನ ಹಡಗಿನ ತುಂಡು ನಮ್ಮ ಬಾಗಿಲ ಮೇಲಿದೆ.
ಹಡಗು ಎಲ್ಲಿದೆಯೋ.

ಸಂಜೆ ಮಕ್ಕಳೆಲ್ಲ ಹೋದಮೇಲೆ
ಕೈತೊಳೆದು, ಚಪ್ಪಲಿ ಬಿಟ್ಟು,
ಅಜ್ಜಿ ಪ್ಲೈವುಡ್ಡಿನ ಹತ್ತಿರ ನಿಂತಳು.
"ಇದು ಬರೀ ತಾಲೀಮು ಕಣಮ್ಮ," ಅಂದ ಅಪ್ಪ.
"ನಾನೂ ಅದಕ್ಕೇ ಬಂದೆ."
ಅಪ್ಪ ಮೊಬೈಲ್ ಬೆಳಕು ಹಿಡಿದು ಹಿಂದೆ ನಡೆದ.
ನಾಲ್ಕನೆಯ ಸುತ್ತಿಗೆ ಮಂಡಿ ಕೇಳಲಿಲ್ಲ;
ಬಣ್ಣದ ಡಬ್ಬ ಬೋರಲು ಹಾಕಿ ಕೂತು, ಉಸಿರು ಹಿಡಿದು ಎದ್ದಳು.
ಆ ಬಾಗಿದ ಮೂಲೆ ಬಂದಾಗಲೆಲ್ಲ
ಅಂಗೈ ಎತ್ತಿ ಸಲಾಮು ಮಾಡಿದಳು.
ಕರಿಯ ಕಲ್ಲು ಯಾವ ಮೂಲೆಯಲ್ಲೆಂದು
ಅವಳಿಗೆ ಯಾರೂ ಹೇಳಿರಲಿಲ್ಲ.
ಅಪ್ಪನೂ ಹೇಳಲಿಲ್ಲ.

ಆಮೇಲೆ ಹವಳದ ಚೂರು ಏಳು ಆರಿಸಿ
ಸೈತಾನನೆಂದು ನಿಲ್ಲಿಸಿದ್ದ ಕಂಬಕ್ಕೆ ಎಸೆದಳು.
ನಾಲ್ಕು ತಗುಲಿದವು, ಎರಡು ತಪ್ಪಿದವು.
ಏಳನೆಯದನ್ನು ಸೆರಗಿಗೆ ಕಟ್ಟಿಕೊಂಡಳು.

ಕಾಬಾ ಈಗ ಬಿಚ್ಚಿ ಕೊಟ್ಟಿಗೆಯಲ್ಲಿದೆ,
ಅಪ್ಪ ಅತ್ತ ಕಾಲು ಚಾಚಿ ಮಲಗುವುದಿಲ್ಲ.
ಮಕಾಸ್ಸರಿನ ವ್ಯಾಪಾರಿಯೊಬ್ಬ ಹಡಗಿನ ಕೋಣೆಗೆಂದು
ಆ ಹಾಳೆಗಳಿಗೆ ಒಳ್ಳೇ ಬೆಲೆ ಹೇಳಿದ.
"ಅದಕ್ಕೆ ಕೆಲಸವಿದೆ," ಅಂದ ಅಪ್ಪ.

ಬಾಗಿಲ ಮೇಲಿನ ಮರದ ತುಂಡಿನ ಪಕ್ಕ
ಈಗೊಂದು ಹವಳದ ಚೂರು.
ಶುಕ್ರವಾರ ಅಜ್ಜಿ ಸ್ಟೂಲು ಹತ್ತಿ
ಎರಡರ ಧೂಳನ್ನೂ ಒರೆಸುತ್ತಾಳೆ.
ಸ್ಟೂಲು ಹಿಡಿದುಕೊಳ್ಳುವವಳು ನಾನು.